ತಾತ ಈಗ ಎಲ್ಲಿದ್ದಾರೆ? ಸ್ವರ್ಗ, ಪಿತೃಲೋಕ, ಮರುಜನ್ಮ, ಮೋಕ್ಷದ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ನಮ್ಮ ತಂದೆ ಹೋದ ವರ್ಷ ತೀರಿಕೊಂಡ್ರು. ಪೇಪರ್‌ನಲ್ಲಿ ‘ಸ್ವರ್ಗಸ್ಥರಾದರು’ ಅಂತ ಹಾಕಿಸಿದ್ವಿ, ಕಾರ್ಡ್‌ನಲ್ಲಿ ‘ವೈಕುಂಠ ಸಮಾರಾಧನೆ’ ಅಂತ ಪ್ರಿಂಟ್ ಆಗಿತ್ತು, ಪುರೋಹಿತರು ಈಗ ಪಿತೃಲೋಕದಲ್ಲಿದ್ದಾರೆ ವರ್ಷಾ ವರ್ಷ ಶ್ರಾದ್ಧ ತಪ್ಪಿಸಬೇಡಿ ಅಂದ್ರು, ನಮ್ಮತ್ತೆ ಮಾತ್ರ ನೋಡ್ತಿರು ನಿಮ್ಮ ತಮ್ಮನ ಮಗುವಾಗಿ ಹುಟ್ಟಿ ಬರ್ತಾರೆ ಅಂತಾರೆ. ಪಿಯುಸಿ ಓದೋ ಮಗಳು ಕೇಳ್ತಿದ್ದಾಳೆ, ನಾಲ್ಕೂ ಒಟ್ಟಿಗೆ ಹೆಂಗಮ್ಮ ನಿಜ ಆಗುತ್ತೆ, ಹಿಂದೂಗಳು ಕೊನೆಗೆ ನಂಬೋದೇನು, ಬಯಸೋದೇನು ಅಂತ. ನನಗೆ ಉತ್ತರ ಹೊಳೀಲಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ಮಗಳಿಗೆ ಹೇಳಿ, ಅವಳು ಕೇಳಿದ್ದರಲ್ಲಿ ಅಧಿಕಪ್ರಸಂಗ ಏನೂ ಇಲ್ಲ, ಇದೇ ಪ್ರಶ್ನೆ ಹೆಚ್ಚುಕಮ್ಮಿ ಇದೇ ರೂಪದಲ್ಲಿ ಉಪನಿಷತ್ತಲ್ಲೇ ಇದೆ. ಬೃಹದಾರಣ್ಯಕದಲ್ಲಿ ಜನಕ ರಾಜನ ಸಭೆ ನಡೀತಿರುತ್ತೆ, ದೊಡ್ಡ ದೊಡ್ಡ ವಿದ್ವಾಂಸರು ಒಬ್ಬೊಬ್ಬರಾಗಿ ಎದ್ದು ಋಷಿ ಯಾಜ್ಞವಲ್ಕ್ಯರನ್ನ ಪರೀಕ್ಷೆ ಮಾಡ್ತಿರ್ತಾರೆ, ಆಗ ಆರ್ತಭಾಗ ಅನ್ನೋರು ಎದ್ದು ಕೇಳ್ತಾರೆ: ಮನುಷ್ಯ ಸತ್ತ ಮೇಲೆ ಅವನ ಮಾತು ಬೆಂಕಿಗೆ ಹೋಗುತ್ತೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ, ಮನಸ್ಸು ಚಂದ್ರನಿಗೆ, ಮೈ ಮಣ್ಣಿಗೆ, ಎಲ್ಲಾ ಹಂಚಿಹೋದ ಮೇಲೆ ಆ ಮನುಷ್ಯ ಎಲ್ಲಿ ಉಳೀತಾನೆ ಅಂತ. ಯಾಜ್ಞವಲ್ಕ್ಯರು ಸಭೇಲಿ ಉತ್ತರ ಕೊಡಲ್ಲ. ಕೈ ಕೊಡಪ್ಪ, ಇದು ಜನರ ಮಧ್ಯೆ ಮಾತಾಡೋ ವಿಷಯ ಅಲ್ಲ ಅಂತ ಪಕ್ಕಕ್ಕೆ ಕರ್ಕೊಂಡು ಹೋಗ್ತಾರೆ. ಅಲ್ಲಿ ಅವರಿಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ, ಒಳ್ಳೇದು ಮಾಡಿದ್ರೆ ಒಳ್ಳೆಯವನಾಗ್ತಾನೆ ಕೆಟ್ಟದ್ದು ಮಾಡಿದ್ರೆ ಕೆಟ್ಟವನಾಗ್ತಾನೆ ಅನ್ನೋ ಅಷ್ಟನ್ನೇ ಉಪನಿಷತ್ತು ನಮಗೆ ಹೇಳಿ ಸುಮ್ಮನಾಗುತ್ತೆ. ಕರ್ಮ ಅನ್ನೋದನ್ನ ಇವತ್ತು ಹಾದೀಲಿ ಬೀದೀಲಿ ಎಲ್ಲರೂ ಹೇಳ್ತೀವಿ, ಆದ್ರೆ ಅದು ಬಂದಾಗ ಎಷ್ಟು ಹೊಸದಾಗಿತ್ತು, ಎಷ್ಟು ಗುಟ್ಟಾಗಿ ಹೇಳೋ ವಿಷಯ ಆಗಿತ್ತು ಅನ್ನೋದು ಈ ಕಥೇಲಿ ಗೊತ್ತಾಗುತ್ತೆ.

ಈಗ ನಿಮ್ಮ ನಾಲ್ಕು ಉತ್ತರಗಳಿಗೆ ಬರ್ತೀನಿ. ಅವು ನಾಲ್ಕೂ ಒಂದೇ ಕಾಲದಲ್ಲಿ ಒಬ್ಬರೇ ಕೂತು ಬರೆದಿದ್ದಲ್ಲ. ಋಗ್ವೇದ ನೋಡಿದ್ರೆ ಅಲ್ಲಿ ಮರುಜನ್ಮದ ಮಾತು ಸ್ಪಷ್ಟವಾಗಿ ಸಿಗೋದೇ ಇಲ್ಲ. ಹತ್ತನೇ ಮಂಡಲದಲ್ಲಿ ಯಮನ ಸೂಕ್ತ ಇದೆ, ಯಮ ಅಂದ್ರೆ ಅಲ್ಲಿ ಕೋಣದ ಮೇಲೆ ಹಗ್ಗ ಹಿಡ್ಕೊಂಡು ಬರೋ ಭಯಂಕರ ದೇವರಲ್ಲ, ಎಲ್ಲರಿಗಿಂತ ಮೊದಲು ಆ ದಾರಿ ಕಂಡುಹಿಡಿದು ನಮ್ಮ ಹಿರಿಯರಿಗೆಲ್ಲ ಅಲ್ಲೊಂದು ಜಾಗ ಮಾಡಿಕೊಟ್ಟವನು. ಸತ್ತವರು ಆ ದಾರೀಲಿ ಹೋಗಿ ತಮ್ಮ ಅಪ್ಪ ತಾತಂದಿರನ್ನ ಸೇರ್ಕೋತಾರೆ. ನಿಮ್ಮ ಪುರೋಹಿತರು ಹೇಳಿದ ಪಿತೃಲೋಕ ಇದು, ನಾಲ್ಕರಲ್ಲಿ ಬಹುಶಃ ಎಲ್ಲಕ್ಕಿಂತ ಹಳೇ ಉತ್ತರ.

ಮರುಜನ್ಮ ಬರೋದು ಉಪನಿಷತ್ತುಗಳ ಹೊತ್ತಿಗೆ, ಅಂದ್ರೆ ಸುಮಾರು 2,500 ವರ್ಷಕ್ಕೂ ಹಿಂದೆ. ಛಾಂದೋಗ್ಯದಲ್ಲಿ ಅದರ ಕಥೆ ತುಂಬಾ ಚೆನ್ನಾಗಿದೆ. ಶ್ವೇತಕೇತು ಅಂತ ಹುಡುಗ, ಓದು ಮುಗಿಸಿ ಪಾಂಚಾಲರ ಸಭೆಗೆ ಹೋಗ್ತಾನೆ, ಅಲ್ಲಿ ಪ್ರವಾಹಣ ಜೈವಲಿ ಅನ್ನೋ ರಾಜ ಐದು ಪ್ರಶ್ನೆ ಕೇಳ್ತಾನೆ. ಜನ ಸತ್ತು ಎಲ್ಲಿಗೆ ಹೋಗ್ತಾರೆ ಗೊತ್ತಾ, ವಾಪಸ್ ಹೇಗೆ ಬರ್ತಾರೆ ಗೊತ್ತಾ, ಮತ್ತೆ ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಇಷ್ಟು ಜನ ಸಾಯ್ತಾನೇ ಇದ್ರೂ ಆ ಲೋಕ ತುಂಬಿಹೋಗಲ್ಲ ಯಾಕೆ ಗೊತ್ತಾ? ಹುಡುಗ ಐದಕ್ಕೂ ಗೊತ್ತಿಲ್ಲ ಅಂತಾನೆ, ಮನೆಗೆ ಬಂದು ಅಪ್ಪನ ಮೇಲೆ ಸಿಟ್ಟು ಮಾಡ್ಕೋತಾನೆ, ಎಲ್ಲಾ ಕಲಿಸಿದ್ದೀನಿ ಅಂದ್ರಲ್ಲ ಅಂತ. ಅಪ್ಪ ಉದ್ದಾಲಕ ನೇರವಾಗಿ ನನಗೂ ಗೊತ್ತಿಲ್ಲ ಮಗನೇ ಅಂದು ತಾವೇ ಆ ರಾಜನ ಹತ್ತಿರ ಶಿಷ್ಯನ ಥರ ಕಲಿಯೋಕೆ ಹೋಗ್ತಾರೆ. ರಾಜ ಹೇಳ್ತಾನೆ, ಈ ವಿದ್ಯೆ ನಿಮಗಿಂತ ಮುಂಚೆ ಯಾವ ಬ್ರಾಹ್ಮಣರಿಗೂ ಹೋಗಿಲ್ಲ ಅಂತ. ಆಮೇಲೆ ಹೇಳಿಕೊಡೋದು ಎರಡು ದಾರಿ. ಯಜ್ಞ ದಾನ ಧರ್ಮ ಮಾಡಿದೋರು ಹೊಗೆಯ ದಾರೀಲಿ ಪಿತೃಲೋಕಕ್ಕೆ, ಅಲ್ಲಿಂದ ಚಂದ್ರಲೋಕಕ್ಕೆ ಹೋಗಿ ಪುಣ್ಯ ಇರೋವರೆಗೂ ಇದ್ದು, ಆಮೇಲೆ ಮೋಡವಾಗಿ ಮಳೆಯಾಗಿ ಇಳಿದು ಭತ್ತ, ಎಳ್ಳು, ಉದ್ದಿನ ಗಿಡದಲ್ಲಿ ಸೇರಿ ಅನ್ನದ ಮೂಲಕ ಮತ್ತೆ ಹೊಟ್ಟೆ ಸೇರ್ತಾರೆ. ಜ್ಞಾನ ಇರೋರು ಬೆಳಕಿನ ದಾರೀಲಿ ಬ್ರಹ್ಮದ, ಅಂದ್ರೆ ಎಲ್ಲಕ್ಕೂ ಮೂಲವಾದ ಪರಮಸತ್ಯದ ಕಡೆ ಹೋಗ್ತಾರೆ. ಇವೆರಡೂ ಇಲ್ಲದ ಸಣ್ಣ ಜೀವಿಗಳು ಇಲ್ಲೇ ಹುಟ್ಟಿ ಸಾಯ್ತಾ ಇರ್ತಾವೆ, ಆ ಲೋಕ ತುಂಬದೇ ಇರೋದು ಅದಕ್ಕೇ ಅಂತ ಉತ್ತರ.

ಇಲ್ಲಿ ಏನಾಯ್ತು ನೋಡಿ. ಪಿತೃಲೋಕ, ಸ್ವರ್ಗ (ಇಲ್ಲಿ ಪುಣ್ಯ ಅನುಭವಿಸೋ ಚಂದ್ರಲೋಕ), ಮರುಜನ್ಮ ಮೂರನ್ನೂ ಒಂದೇ ಪ್ರಯಾಣದ ಬೇರೆ ಬೇರೆ ಸ್ಟಾಪ್‌ಗಳಾಗಿ ಜೋಡಿಸಿಬಿಟ್ರು. ಹಳೇ ನಂಬಿಕೆ ತೆಗೆದು ಎಸೀಲಿಲ್ಲ, ಅದನ್ನ ಹೊಸದರೊಳಗೆ ಸೇರಿಸ್ಕೊಂಡ್ರು, ನಮ್ಮ ಸಂಪ್ರದಾಯ ಬೆಳೆದು ಬಂದಿರೋದೇ ಹೀಗೆ. ಹಾಗಾಗಿ ಪೇಪರ್‌ನವರು, ಪುರೋಹಿತರು, ನಿಮ್ಮತ್ತೆ ಈ ಮೂವರ ಮಾತಲ್ಲಿ ಮಗಳು ಅಂದ್ಕೊಂಡಷ್ಟು ಜಗಳ ಇಲ್ಲ, ಯಾವ ಕಾಲದ ಬಗ್ಗೆ ಹೇಳ್ತಿದ್ದಾರೆ ಅನ್ನೋದಷ್ಟೇ ಬೇರೆ. ನಾಲ್ಕನೇದು, ಆ ಕಾರ್ಡ್‌ನಲ್ಲಿದ್ದ ವೈಕುಂಠ, ಅದು ಮಾತ್ರ ನಿಜವಾಗ್ಲೂ ಬೇರೆ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಶ್ರಾದ್ಧದ ಬಗ್ಗೆ ಮಗಳು ಕೇಳೇ ಕೇಳ್ತಾಳೆ, ತಾತ ಇನ್ನೆಲ್ಲೋ ಹುಟ್ಟಿಬಿಟ್ಟಿದ್ರೆ ನಾವು ಇಲ್ಲಿಟ್ಟ ಪಿಂಡ ಯಾರಿಗೆ ಹೋಗುತ್ತೆ ಅಂತ. ಇದನ್ನ ಹಿಂದಿನವರೂ ಕೇಳಿದ್ದಾರೆ. ಮತ್ಸ್ಯಪುರಾಣದಲ್ಲಿ ಉತ್ತರ ಇದೆ: ಅವರು ದೇವರಾಗಿದ್ರೆ ಆ ಅನ್ನ ಅಮೃತವಾಗಿ ಸಿಗುತ್ತೆ, ಪ್ರಾಣಿಯಾಗಿ ಹುಟ್ಟಿದ್ರೆ ಹುಲ್ಲಾಗಿ ಸಿಗುತ್ತೆ, ಹಾವಾಗಿದ್ರೆ ಗಾಳಿಯಾಗಿ ಸಿಗುತ್ತೆ, ಅಂದ್ರೆ ಅವರು ಎಲ್ಲೇ ಯಾವ ರೂಪದಲ್ಲೇ ಇರ್ಲಿ ಅಲ್ಲಿಗೆ ಬೇಕಾದ ರೂಪದಲ್ಲಿ ಹೋಗಿ ಮುಟ್ಟುತ್ತೆ. ನಿಮ್ಮನೇಲಿ ಹನ್ನೆರಡನೇ ದಿನ ಸಪಿಂಡೀಕರಣ ಮಾಡಿರ್ತಾರೆ, ಅದರಲ್ಲಿ ತಂದೆಯ ಪಿಂಡವನ್ನ ಅವರ ಹಿಂದಿನ ಮೂರು ತಲೆಮಾರಿನ ಪಿಂಡಗಳ ಜೊತೆ ಸೇರಿಸ್ತಾರೆ, ಅಲ್ಲೀವರೆಗೆ ಪ್ರೇತ ಅನ್ನಿಸ್ಕೊಂಡಿದ್ದೋರು ಅಲ್ಲಿಂದಾಚೆ ಪಿತೃ ಆಗ್ತಾರೆ. ಶ್ರಾದ್ಧದಲ್ಲಿ ಅಪ್ಪನನ್ನ ವಸು ರೂಪ, ತಾತನನ್ನ ರುದ್ರ ರೂಪ, ಮುತ್ತಾತನನ್ನ ಆದಿತ್ಯ ರೂಪ ಅಂತ ಕರೆಯೋದು ಕೇಳಿರ್ತೀರಿ. ಮನೆಯವರ ದುಃಖಕ್ಕೂ ಅದೊಂದು ದಾರಿ, ನಿನ್ನೆವರೆಗೆ ಪಕ್ಕದ ರೂಮಲ್ಲಿ ಕೆಮ್ಮುತ್ತಿದ್ದ ಅಪ್ಪ ಹನ್ನೆರಡೇ ದಿನದಲ್ಲಿ ವಂಶದ ಹಿರಿಯರ ಸಾಲಿಗೆ ಸೇರಿದ್ರು ಅನ್ನೋದನ್ನ ಬರೀ ಮಾತಲ್ಲಿ ಹೇಳಿದ್ರೆ ಮನಸ್ಸು ಒಪ್ಪಲ್ಲ, ಕೈಯಲ್ಲಿ ಮಾಡಿದ್ರೆ ನಿಧಾನಕ್ಕೆ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಎಲ್ಲಾ ಹಿಂದೂಗಳೂ ಇದೇ ಮಾಡ್ತಾರೆ ಅಂದ್ಕೋಬೇಡಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆ ಸಮಯಕ್ಕೆ ಹಿರಿಯರ ಹಬ್ಬ ಅಂತ ಎಡೆ ಇಡ್ತಾರೆ, ಮಂತ್ರ ಪಿಂಡ ಏನೂ ಇರಲ್ಲ, ಸತ್ತವರಿಗೆ ಏನು ಇಷ್ಟ ಇತ್ತೋ ಅದನ್ನೇ ಮಾಡಿ ಇಡೋದು, ಬಾಡೂಟ ಇರಬಹುದು ಬೀಡಿ ಇರಬಹುದು, ಪಕ್ಕದಲ್ಲಿ ಹೊಸ ಬಟ್ಟೆ. ತುಳುನಾಡಿಗೆ ಹೋದ್ರೆ ಇನ್ನೊಂದೇ ಥರ, ಅಲ್ಲಿ ಕೋಟಿ ಚೆನ್ನಯರಂಥ ವೀರರು ಸತ್ತ ಮೇಲೆ ಸ್ವರ್ಗಕ್ಕೂ ಹೋಗಲಿಲ್ಲ ಮೋಕ್ಷಾನೂ ಪಡೀಲಿಲ್ಲ, ದೈವಗಳಾಗಿ ಊರಲ್ಲೇ ನಿಂತ್ರು, ಜನರ ಕಷ್ಟ ಕೇಳ್ತಾರೆ, ನ್ಯಾಯ ಹೇಳ್ತಾರೆ. ಹಳೇ ದೇವಸ್ಥಾನದ ಅಂಗಳದಲ್ಲಿ ವೀರಗಲ್ಲು ನೋಡಿರ್ತೀರಲ್ಲ, ಕೆಳಗಿನ ಪಟ್ಟಿಕೇಲಿ ಯುದ್ಧ, ಮಧ್ಯದಲ್ಲಿ ಅಪ್ಸರೆಯರು ವೀರನನ್ನ ಎತ್ಕೊಂಡು ಹೋಗೋದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರೋದು. ಮಗಳನ್ನ ಒಂದ್ಸಲ ಕರ್ಕೊಂಡು ಹೋಗಿ ತೋರಿಸಿ, ಅವಳು ಕೇಳಿದ ಪ್ರಶ್ನೆಗೆ ಕನ್ನಡ ನಾಡಿನ ಕಲ್ಲುಕುಟಿಗರು ಕೊಟ್ಟ ಉತ್ತರ ಅದು.

ಕರ್ಮದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದ್ರೆ ಇದು ಎಷ್ಟು ಮುಖ್ಯವೋ ಅಷ್ಟೇ ದುರುಪಯೋಗ ಆಗಿರೋ ವಿಚಾರ. ಶಾಸ್ತ್ರದವರು ಮೂರು ಭಾಗ ಮಾಡ್ತಾರೆ. ಎಷ್ಟೋ ಜನ್ಮಗಳಿಂದ ಕೂಡಿಟ್ಟಿರೋದು ಸಂಚಿತ, ಅದರಲ್ಲಿ ಈ ಜನ್ಮದಲ್ಲಿ ಅನುಭವಿಸೋಕೆ ಶುರುವಾಗಿರೋ ಪಾಲು ಪ್ರಾರಬ್ಧ, ಈಗ ಮಾಡ್ತಾ ಇರೋದ್ರಿಂದ ಮುಂದಕ್ಕೆ ಸೇರ್ತಾ ಹೋಗೋದು ಆಗಾಮಿ. ಹಣೆಬರಹ ಅಂತ ಕೈಕಟ್ಟಿ ಕೂರೋಕೆ ಈ ಸಿದ್ಧಾಂತ ಹೇಳ್ತಿಲ್ಲ, ಆಗಾಮಿ ನಿಮ್ಮ ಕೈಯಲ್ಲೇ ಇದೆ ಅನ್ನೋದು ಅದರ ಅರ್ಧ ಭಾಗ. ಆದ್ರೆ ನಮ್ಮ ಜನ ಕಾಯಿಲೆ ಬಿದ್ದ ಮಗುವಿನ ತಾಯಿ ಎದುರಿಗೆ ನಿಂತು ಏನು ಕರ್ಮ ಮಾಡಿದ್ರೋ ಅಂತಾರಲ್ಲ, ಅದು ಕೇಳಿದ್ರೆ ನನಗೆ ತಡೆಯೋಕಾಗಲ್ಲ. ಕರ್ಮದ ಲೆಕ್ಕ ನನ್ನನ್ನ ನಾನು ತಿದ್ದಿಕೊಳ್ಳೋಕೆ ಇರೋದು, ಬೇರೆಯವರ ಕಷ್ಟಕ್ಕೆ ಜಡ್ಜ್‌ಮೆಂಟ್ ಕೊಡೋಕೆ ಅಲ್ಲ. ಇನ್ನೊಂದು ಮುಚ್ಚಿಡಬಾರದ ಮಾತಿದೆ. ನಾನು ಮೇಲೆ ಹೇಳಿದ ಛಾಂದೋಗ್ಯದ ಅದೇ ಭಾಗದಲ್ಲಿ, ಒಳ್ಳೇ ನಡತೆಯವರು ಬ್ರಾಹ್ಮಣ ಕ್ಷತ್ರಿಯ ವೈಶ್ಯರಾಗಿ ಹುಟ್ತಾರೆ, ಕೆಟ್ಟ ನಡತೆಯವರು ನಾಯಿ ಹಂದಿ ಚಂಡಾಲರಾಗಿ ಹುಟ್ತಾರೆ ಅಂತ ಒಂದು ವಾಕ್ಯ ಇದೆ. ಈ ವಾಕ್ಯದ ಬೆನ್ನ ಮೇಲೆ ಎಷ್ಟು ಅನ್ಯಾಯ ನಡೀತು ಅಂತ ಹೇಳಬೇಕಾಗಿಲ್ಲ. ಮಗಳು ಮುಂದೆ ಎಲ್ಲಾದ್ರೂ ಇದನ್ನ ಓದಿ ಬೆಚ್ಚಿಬೀಳೋ ಬದಲು ನಿಮ್ಮ ಬಾಯಿಂದಲೇ ಮೊದಲು ಕೇಳಲಿ, ಜೊತೆಗೆ ಇದನ್ನ ಒಪ್ಪದೇ ಎದ್ದು ನಿಂತ ಶರಣರು ದಾಸರು ಸಂತರು ಕೂಡ ನಮ್ಮವರೇ ಅನ್ನೋದನ್ನೂ ಕೇಳಲಿ.

ಈಗ ಗುರಿಯ ವಿಷಯ. ತುಂಬಾ ಜನ ಹಿಂದೂಗಳ ಗುರಿ ಸ್ವರ್ಗ ಅಂದ್ಕೊಂಡಿದ್ದಾರೆ, ಪೇಪರ್ ಜಾಹೀರಾತು ನೋಡಿದ್ರೆ ಹಾಗೇ ಅನ್ಸುತ್ತೆ. ಆದ್ರೆ ನಮ್ಮ ಸ್ವರ್ಗ ಪರ್ಮನೆಂಟ್ ಅಲ್ಲ. ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಕೃಷ್ಣ ನೇರವಾಗಿ ಹೇಳ್ತಾನೆ, ವಿಶಾಲವಾದ ಸ್ವರ್ಗಲೋಕ ಅನುಭವಿಸಿ ಪುಣ್ಯ ಖಾಲಿ ಆದ ಮೇಲೆ ಮತ್ತೆ ಮರ್ತ್ಯಲೋಕಕ್ಕೇ ಬರ್ತಾರೆ ಅಂತ. ಇಂದ್ರನ ಪದವಿ ಕೂಡ ಕಾಲ ಮುಗಿದ್ರೆ ಬಿಡಬೇಕಾದ್ದೇ. ಯಾವತ್ತೋ ಮುಗಿದುಹೋಗೋದನ್ನ ಪಡೆದು ಏನು ಪ್ರಯೋಜನ ಅನ್ನೋ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡೋವಾಗ ಇಬ್ಬರು ಹೆಂಡತಿಯರಿಗೂ ಆಸ್ತಿ ಹಂಚ್ತೀನಿ ಅಂತಾರೆ, ಆಗ ಮೈತ್ರೇಯಿ ಕೇಳ್ತಾಳೆ, ಈ ಭೂಮಿ ಪೂರ್ತಿ ಹಣ ತುಂಬಿ ನನ್ನದಾದ್ರೆ ನಾನು ಸಾವಿಲ್ಲದೋಳಾಗ್ತೀನಾ? ಇಲ್ಲ, ಅನುಕೂಲಸ್ಥರು ಹೇಗೆ ಬದುಕ್ತಾರೋ ಹಾಗೆ ಬದುಕ್ತೀಯ ಅಷ್ಟೆ ಅಂತಾರೆ ಅವರು. ಹಾಗಾದ್ರೆ ಅದನ್ನ ತಗೊಂಡು ನಾನೇನು ಮಾಡ್ಲಿ, ನಿಮಗೆ ಗೊತ್ತಿರೋದನ್ನ ಹೇಳಿ ಅಂತಾಳೆ. ಮೋಕ್ಷ ಬೇಕು ಅನ್ನೋ ಆಸೆಯನ್ನ ಇದಕ್ಕಿಂತ ಚೆನ್ನಾಗಿ ಹೇಳಿರೋ ಮಾತು ನಾನು ಓದಿಲ್ಲ. ಅದನ್ನ ಹೇಳಿದ್ದು ಒಬ್ಬ ಹೆಂಗಸು ಅನ್ನೋದು ನಿಮ್ಮ ಮಗಳಿಗೆ ಗೊತ್ತಿರಲಿ.

ಹಾಗಂತ ಎಲ್ಲರೂ ಮನೆ ಮಠ ಬಿಡಿ ಅಂತಲೂ ಅಲ್ಲ. ಪುರುಷಾರ್ಥ ನಾಲ್ಕು: ಧರ್ಮ, ಅರ್ಥ, ಕಾಮ, ಮೋಕ್ಷ. ದುಡಿಯೋದು, ಮನೆ ಕಟ್ಟೋದು, ಪ್ರೀತಿ, ಸಂಗೀತ, ಊಟ ಇವೆಲ್ಲ ಪಾಪ ಅಂತ ನಮ್ಮಲ್ಲಿ ಹೇಳಿಲ್ಲ, ಅರ್ಥ ಕಾಮಗಳೂ ಗುರಿಗಳೇ, ಧರ್ಮದ ಬೇಲಿಯೊಳಗೆ ಇರಬೇಕು ಅಷ್ಟೆ. ಆಶ್ಚರ್ಯ ಅಂದ್ರೆ ಹಳೇ ಗ್ರಂಥಗಳಲ್ಲಿ ಎಷ್ಟೋ ಕಡೆ ಮೊದಲ ಮೂರೇ ಇರೋದು, ತ್ರಿವರ್ಗ ಅಂತ, ಮೋಕ್ಷ ಆಮೇಲೆ ಸೇರಿದ್ದು. ವೇದದ ಯಜ್ಞಭಾಗವನ್ನ ವಿಚಾರ ಮಾಡೋ ಪೂರ್ವಮೀಮಾಂಸೆಯವರಂತೂ ಮೊದಮೊದಲು ಯಜ್ಞ, ಅದರ ಫಲ ಸ್ವರ್ಗ, ಇಷ್ಟರ ಬಗ್ಗೆನೇ ತಲೆಕೆಡಿಸ್ಕೊಂಡೋರು. ಅವರ ಸಿದ್ಧಾಂತದಲ್ಲಿ ಜಗತ್ತನ್ನ ಸೃಷ್ಟಿ ಮಾಡಿದ ದೇವರಿಗೆ ಜಾಗಾನೇ ಇಲ್ಲ, ಸಾಂಖ್ಯ ಅನ್ನೋ ಪಂಥದ ಮುಖ್ಯ ಗ್ರಂಥ ಸಾಂಖ್ಯಕಾರಿಕೆಗೂ ದೇವರ ಅಗತ್ಯ ಬೀಳಲ್ಲ, ಆದ್ರೂ ಎರಡೂ ಆಸ್ತಿಕ ದರ್ಶನಗಳೇ, ಅಂದ್ರೆ ಆಸ್ತಿಕ ತತ್ವಪಂಥಗಳೇ, ಯಾಕಂದ್ರೆ ಅಲ್ಲಿ ಆಸ್ತಿಕ ಅಂದ್ರೆ ವೇದವನ್ನ ಪ್ರಮಾಣ ಅಂತ ಒಪ್ಪೋನು. ದೇವರನ್ನ ನಂಬ್ತೀಯಾ ಅನ್ನೋ ಒಂದೇ ಪ್ರಶ್ನೆ ಇಟ್ಕೊಂಡು ಹಿಂದೂ ಧರ್ಮ ಅಳೆಯೋಕೆ ಹೋದ್ರೆ ಸೋಲೋದು ಅದಕ್ಕೇ.

ದೇವರ ಸಂಖ್ಯೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಮಗಳು ಕಾಲೇಜಲ್ಲಿ ಕೇಳಿಸ್ಕೊಳ್ಳೋ ಮಾತು ಅಂತ ಒಂದೆರಡು ಸಾಲು. ಜನಕನ ಅದೇ ಸಭೇಲಿ ವಿದಗ್ಧ ಶಾಕಲ್ಯ ಅನ್ನೋರು ದೇವರು ಎಷ್ಟು ಅಂತ ಕೇಳ್ತಾರೆ. ಯಾಜ್ಞವಲ್ಕ್ಯರು ಮೂರು ಸಾವಿರದ ಲೆಕ್ಕದಿಂದ ಶುರು ಮಾಡ್ತಾರೆ, ಅವರು ಬಿಡದೆ ಸರಿ, ನಿಜವಾಗಿ ಎಷ್ಟು ಅಂತ ಕೇಳ್ತಾ ಹೋದ ಹಾಗೆ 33, ಆರು, ಮೂರು, ಎರಡು, ಒಂದೂವರೆ, ಕೊನೆಗೆ ಒಂದು ಅಂತ ಬಂದು ನಿಲ್ತಾರೆ. ಹಿಂದಿನ ಯಾವ ಉತ್ತರವೂ ತಪ್ಪು ಅಂತ ಅವರು ಹೇಳಲ್ಲ. ಊರಿನ ಮಾರಮ್ಮನಿಗೆ ಹರಕೆ ಹೊತ್ತೋರೂ, ನಿರ್ಗುಣ ಬ್ರಹ್ಮದ ಚಿಂತನೆ ಮಾಡೋರೂ ಒಂದೇ ಮನೇಲಿ ಇರೋದು ನಮಗೆ ವಿಚಿತ್ರ ಅನ್ಸದೇ ಇರೋದಕ್ಕೆ ಈ ಮನೋಭಾವ ಕಾರಣ.

ಸರಿ, ಹುಟ್ಟು ಸಾವಿನ ಸುತ್ತಿನಿಂದ ಬಿಡುಗಡೆ ಆಗೋದು ಗುರಿ ಅಂದ್ರೆ, ಬಿಡುಗಡೆ ಆದ ಮೇಲೆ ಏನು? ಇಲ್ಲಿ ನಮ್ಮ ಆಚಾರ್ಯರು ಒಬ್ಬರಿಗೊಬ್ಬರು ಒಪ್ಪಲ್ಲ, ಒಪ್ಪದೇ ಇರೋದು ಸಣ್ಣಪುಟ್ಟ ವಿಷಯಕ್ಕಲ್ಲ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ: ತಾತ ಎಲ್ಲಿಗೆ ಹೋದ್ರು ಅನ್ನೋದಕ್ಕಿಂತ ಮೊದಲು ತಾತ ಅಂದ್ರೆ ಯಾರು ಅನ್ನೋದು ತೀರ್ಮಾನ ಆಗಬೇಕು, ನಾನು ಅನ್ನೋದು ಏನು ಅಂತ ನೀವು ಕೊಡೋ ಉತ್ತರ ಬದಲಾದ್ರೆ ಮೋಕ್ಷದ ಚಿತ್ರಾನೂ ಬದಲಾಗುತ್ತೆ. ಅದೃಷ್ಟಕ್ಕೆ ಇದಕ್ಕಿರೋ ಮೂರು ದೊಡ್ಡ ಉತ್ತರಗಳೂ ಕರ್ನಾಟಕದಲ್ಲೇ ನಮಗೆ ಪರಿಚಯದ ಜಾಗಗಳಲ್ಲಿ ಬೇರು ಬಿಟ್ಟಿವೆ, ಶೃಂಗೇರಿ, ಮೇಲುಕೋಟೆ, ಉಡುಪಿ.

ಶಂಕರಾಚಾರ್ಯರು ಕೇರಳದ ಕಾಲಟಿಯಲ್ಲಿ ಹುಟ್ಟಿದೋರು, ವಿದ್ವಾಂಸರು ಸಾಮಾನ್ಯವಾಗಿ 8ನೇ ಶತಮಾನ ಅಂತಾರೆ, ತುಂಗಾ ತೀರದ ಶೃಂಗೇರಿ ಪೀಠ ಅವರೇ ಸ್ಥಾಪಿಸಿದ್ದು ಅಂತ ಸಂಪ್ರದಾಯ. ಅವರು ಹೇಳೋದು, ನಾನು ಇಂಥವನ ಮಗ, ಇಷ್ಟು ವಯಸ್ಸು, ಇಂಥ ಕೆಲಸ ಅಂತ ಏನೆಲ್ಲ ಅಂದ್ಕೊಂಡಿದ್ದೀವೋ ಅದ್ಯಾವುದೂ ನಿಜವಾದ ನಾನಲ್ಲ, ಆ ಎಲ್ಲವನ್ನೂ ಬೆಳಗ್ತಾ ಇರೋ ಶುದ್ಧ ಅರಿವೇ ನಾನು, ಅದು ಬ್ರಹ್ಮಕ್ಕಿಂತ ಬೇರೆ ಅಲ್ಲ. ಬೇರೆ ಅಂತ ಕಾಣೋದು ಅವಿದ್ಯೆಯಿಂದ. ಹಾಗಾಗಿ ಮೋಕ್ಷ ಅಂದ್ರೆ ಎಲ್ಲಿಗೂ ಹೋಗೋದಲ್ಲ, ಹೊಸದಾಗಿ ಏನೂ ಸಿಗೋದಲ್ಲ, ಯಾವಾಗ್ಲೂ ಇದ್ದದ್ದು ಗೊತ್ತಾಗೋದು. ಬದುಕಿರೋವಾಗಲೇ ಆಗಬಹುದು, ಅದಕ್ಕೆ ಜೀವನ್ಮುಕ್ತಿ ಅಂತಾರೆ, ಪ್ರಾರಬ್ಧ ಮುಗಿಯೋವರೆಗೆ ದೇಹ ನಡೀತಿರುತ್ತೆ ಅಷ್ಟೆ. ಶಂಕರರ ಈ ಮತಕ್ಕೆ ಅದ್ವೈತ ಅಂತಾರೆ, ಅದನ್ನ ಒಪ್ಪೋ ಅದ್ವೈತಿಯನ್ನ ನಿಮ್ಮ ಮಗಳು ತಾತ ಎಲ್ಲಿ ಅಂತ ಕೇಳಿದ್ರೆ, ವ್ಯವಹಾರದಲ್ಲಿ ಲೋಕ, ಶ್ರಾದ್ಧ, ಮರುಜನ್ಮ ಎಲ್ಲಾ ಇದೆ, ಎಲ್ಲಾ ಮಾಡು, ಆದ್ರೆ ಪರಮಾರ್ಥದಲ್ಲಿ ತಾತ ಹುಟ್ಟಲೂ ಇಲ್ಲ ಸಾಯಲೂ ಇಲ್ಲ ಅಂತ ಹೇಳಬಹುದು. ಇದು ಕೇಳೋಕೆ ಒಣ ಒಣ ಅನ್ನಿಸಬಹುದು, ಆದ್ರೆ ಇದೇ ಶಂಕರರು ಸನ್ಯಾಸಿಯಾಗಿದ್ರೂ, ಊರವರು ಬೇಡ ಅಂದ್ರೂ ಕೇಳದೆ ತಾಯಿಯ ಅಂತ್ಯಕ್ರಿಯೆ ತಾವೇ ಮಾಡಿದ್ರು ಅಂತ ಶಂಕರವಿಜಯದ ಕಥೆಗಳು ಹೇಳ್ತಾವೆ.

ರಾಮಾನುಜರು ಶ್ರೀಪೆರುಂಬುದೂರಲ್ಲಿ ಹುಟ್ಟಿದ್ದು, ಸಂಪ್ರದಾಯದ ಲೆಕ್ಕದಲ್ಲಿ 1017ರಿಂದ 1137, ತಮಿಳುನಾಡಿಂದ ಬಂದು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ರು. ಅವರಿಗೆ ಶಂಕರರ ಮಾತು ಒಪ್ಪಿಗೆ ಆಗಲ್ಲ. ನಾನು ಅನ್ನೋದು ಕರಗಿಹೋಗೋದಾದ್ರೆ ಮೋಕ್ಷ ಬೇಕು ಅಂತ ಯಾರಾದ್ರೂ ಯಾಕೆ ಬಯಸ್ತಾರೆ, ಅನುಭವಿಸೋಕೆ ಯಾರೂ ಉಳಿಯಲ್ವಲ್ಲ ಅನ್ನೋದು ಅವರ ವಾದ. ಜೀವ ಬೇರೆ, ಭಗವಂತ ಬೇರೆ, ಆದ್ರೆ ಜೀವ ಅವನ ಶರೀರದ ಹಾಗೆ, ಅವನನ್ನ ಬಿಟ್ಟು ಒಂದು ಕ್ಷಣಾನೂ ಇರಲ್ಲ. ಬಿಡುಗಡೆ ಆದ ಜೀವ ವಿರಜಾ ನದಿ ದಾಟಿ ವೈಕುಂಠಕ್ಕೆ ಹೋಗಿ ನಾರಾಯಣನ ಕೈಂಕರ್ಯ, ಅಂದ್ರೆ ಸೇವೆ, ಮಾಡ್ತಾ ಆನಂದವಾಗಿರುತ್ತೆ, ಅಲ್ಲಿಂದ ವಾಪಸ್ ಬರೋದಿಲ್ಲ. ನಿಮ್ಮ ಕಾರ್ಡ್‌ನಲ್ಲಿದ್ದ ವೈಕುಂಠ ಈ ಅರ್ಥದ್ದು. ಸ್ವರ್ಗದ ಥರ ಅವಧಿ ಮುಗಿಯೋ ಜಾಗ ಅಲ್ಲ, ಅದಕ್ಕೇ ನಾನು ಅದನ್ನ ಬೇರೆ ಇಟ್ಟಿದ್ದು. ಅಲ್ಲಿಗೆ ಹೋಗೋಕೆ ಭಕ್ತಿ, ಅದೂ ಆಗಲ್ಲ ಅಂದ್ರೆ ಪ್ರಪತ್ತಿ, ಅಂದ್ರೆ ನನ್ನ ಕೈಲಿ ಏನೂ ಇಲ್ಲ ನೀನೇ ಗತಿ ಅಂತ ಪೂರ್ತಿ ಶರಣಾಗೋದು. ಇದರಲ್ಲೂ ಆಮೇಲೆ ಶ್ರೀವೈಷ್ಣವರಲ್ಲಿ ಎರಡು ಪಂಗಡ ಆಯ್ತು, ಮರಿಕೋತಿ ತಾಯಿಯನ್ನ ಗಟ್ಟಿಯಾಗಿ ತಬ್ಬಿಕೊಳ್ಳೋ ಹಾಗೆ ಜೀವದ ಕಡೆಯಿಂದಲೂ ಒಂದು ಪ್ರಯತ್ನ ಬೇಕು ಅನ್ನೋರು ವಡಗಲೈ, ಬೆಕ್ಕು ತನ್ನ ಮರಿಯನ್ನ ತಾನೇ ಕಚ್ಚಿ ಎತ್ತಿಕೊಂಡು ಹೋಗೋ ಹಾಗೆ ಎಲ್ಲಾ ಭಗವಂತನೇ ಮಾಡ್ತಾನೆ ಅನ್ನೋರು ತೆಂಗಲೈ. ರಾಮಾನುಜರ ಬಗ್ಗೆ ನನಗೆ ತುಂಬಾ ಪ್ರೀತಿ ಇರೋದು ತಿರುಕೋಷ್ಟಿಯೂರಿನ ಕಥೆಗೆ. ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನ ಗೋಪುರ ಹತ್ತಿ ಎಲ್ಲರಿಗೂ ಕೂಗಿ ಹೇಳಿಬಿಟ್ರಂತೆ, ನರಕಕ್ಕೆ ಹೋಗ್ತೀಯ ಅಂದ್ರೆ ಇಷ್ಟು ಜನ ಉದ್ಧಾರ ಆಗೋದಾದ್ರೆ ನಾನೊಬ್ಬ ಹೋಗ್ತೀನಿ ಬಿಡಿ ಅಂದ್ರಂತೆ.

ಮಧ್ವಾಚಾರ್ಯರು ಉಡುಪಿ ಹತ್ತಿರದ ಪಾಜಕದವರು, 1238ರಿಂದ 1317, ಕೃಷ್ಣಮಠ ಅವರು ಸ್ಥಾಪಿಸಿದ್ದು, ಅಷ್ಟಮಠಗಳು ಎರಡೆರಡು ವರ್ಷ ಸರದಿಯಲ್ಲಿ ಪೂಜೆ ಮಾಡೋ ಪರ್ಯಾಯ ಇವತ್ತಿಗೂ ನಡೀತಿದೆ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭೇದವೇ ಸತ್ಯ ಅಂತಾರೆ: ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ, ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡ ಜಡಕ್ಕೂ ಭೇದ, ಇದೇ ಪಂಚಭೇದ. ಉದ್ದಾಲಕ ಶ್ವೇತಕೇತುವಿಗೆ ‘ಅದು ನೀನೇ’ ಅಂದ ಪ್ರಸಿದ್ಧ ವಾಕ್ಯವನ್ನೇ ಇವರು ‘ಅದು ನೀನಲ್ಲ’ ಅಂತ ಪದ ಬಿಡಿಸಿ ಓದ್ತಾರೆ, ಎಂಥ ಧೈರ್ಯ ನೋಡಿ. ಮೋಕ್ಷದಲ್ಲೂ ನೀವು ನೀವೇ, ಒಬ್ಬೊಬ್ಬರ ಸ್ವರೂಪಕ್ಕೆ ತಕ್ಕ ಹಾಗೆ ಆನಂದದಲ್ಲೂ ತಾರತಮ್ಯ ಇರುತ್ತೆ, ಆದ್ರೆ ಅಲ್ಲಿ ಅಸೂಯೆ ಇರಲ್ಲ ಯಾಕಂದ್ರೆ ಪ್ರತಿಯೊಬ್ಬರೂ ತಮ್ಮ ಯೋಗ್ಯತೆ ಮಟ್ಟಕ್ಕೆ ಪೂರ್ತಿ ತುಂಬಿರ್ತಾರೆ. ಜ್ಞಾನ ಭಕ್ತಿ ಎಲ್ಲಾ ಬೇಕು, ಕೊನೆಗೆ ಬಿಡಿಸೋದು ಹರಿಯ ಪ್ರಸಾದವೇ. ಇದರಲ್ಲಿ ನನಗೆ ಒಪ್ಪೋಕೆ ಕಷ್ಟ ಆಗೋ ಒಂದು ಮಾತೂ ಇದೆ, ಕೆಲವು ಜೀವರು ಸ್ವಭಾವದಿಂದಲೇ ಎಂದೆಂದಿಗೂ ತಮಸ್ಸಿಗೆ, ಅಂದ್ರೆ ಕೊನೆಯಿಲ್ಲದ ಕತ್ತಲೆಗೆ, ಯೋಗ್ಯರು ಅನ್ನೋದು, ಬೇರೆ ಯಾವ ವೇದಾಂತ ಪಂಥದಲ್ಲೂ ಇಷ್ಟು ಖಡಾಖಂಡಿತವಾಗಿ ಹೇಳಿರೋದು ನನಗೆ ಕಂಡಿಲ್ಲ. ಆದ್ರೆ ಇದೇ ಪರಂಪರೆಯಿಂದ ಬಂದ ದಾಸರು ದೇವರನ್ನ ಅಡುಗೆಮನೆಗೆ, ಬೀದಿಗೆ, ಕನ್ನಡಕ್ಕೆ ತಂದ್ರು. ಉಡುಪೀಲಿ ಕನಕನ ಕಿಂಡಿ ಮುಂದೆ ನಿಂತೋರಿಗೆ ಆ ಕಥೆ ಹೇಳಬೇಕಾಗಿಲ್ಲ, ಒಳಗೆ ಬಿಡದ ಭಕ್ತನ ಕಡೆಗೆ ಕೃಷ್ಣನೇ ತಿರುಗಿ ನಿಂತ ಅಂತ ಜನ ನಂಬಿ ಇವತ್ತಿಗೂ ಆ ಕಿಂಡಿಯಿಂದ ದರ್ಶನ ಮಾಡ್ತಾರೆ.

ಮೂರು ಮಾತ್ರ ಅಲ್ಲ, ಇನ್ನೂ ಇವೆ. ಪತಂಜಲಿಯ ಯೋಗದ ಗುರಿ ಬೆನ್ನುನೋವು ಹೋಗೋದಲ್ಲ, ಕೈವಲ್ಯ, ಅಂದ್ರೆ ಪುರುಷ (ಒಳಗಿನ ಅರಿವು) ಪ್ರಕೃತಿಯಿಂದ (ದೇಹ ಮನಸ್ಸು ಸೇರಿದ ಜಗತ್ತಿಂದ) ಬಿಡಿಸಿಕೊಂಡು ತನ್ನಲ್ಲಿ ತಾನು ನಿಲ್ಲೋದು. ಶೈವಸಿದ್ಧಾಂತದಲ್ಲಿ ಪತಿ (ಶಿವ), ಪಶು (ಜೀವ), ಪಾಶ (ಕಟ್ಟು) ಅಂತ ಮೂರು, ಶಿವನ ಅನುಗ್ರಹದಿಂದ ಪಾಶ ಬಿಚ್ಚೋದೇ ಮುಕ್ತಿ. ನಮ್ಮ ಶರಣರ ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಮೆಟ್ಟಿಲುಗಳಿವೆ, ಸತ್ತ ಮೇಲಿನ ಲೋಕಕ್ಕಿಂತ ಇಲ್ಲೇ ಈ ದೇಹದಲ್ಲೇ ಲಿಂಗದ ಜೊತೆ ಸಾಮರಸ್ಯ ಆಗೋದು ಅಲ್ಲಿ ಮುಖ್ಯ, ಹಾಗಾಗಿ ಅವರಲ್ಲಿ ಸ್ವರ್ಗ ನರಕದ ಭಯಾನೂ ಕಮ್ಮಿ, ಪಿಂಡ ಇಡೋದೂ ಇಲ್ಲ. ಲಿಂಗಾಯತ ಹಿಂದೂ ಧರ್ಮದೊಳಗಿನದಾ, ಪ್ರತ್ಯೇಕ ಧರ್ಮವಾ ಅನ್ನೋ ಚರ್ಚೆ ಇದೆ, ಅದನ್ನ ಆ ಸಮುದಾಯದವರೇ ತೀರ್ಮಾನಿಸಲಿ, ಆದ್ರೆ ಕನ್ನಡದಲ್ಲಿ ಆಧ್ಯಾತ್ಮದ ಬಗ್ಗೆ ಮಾತಾಡುವಾಗ ಅವರನ್ನ ಬಿಟ್ಟು ಮಾತಾಡೋಕೆ ನನ್ನ ಕೈಲಿ ಆಗಲ್ಲ.

ಇನ್ನು ನೀವು ಮಗಳಿಗೆ ಏನು ಹೇಳೋದು? ನೀವು ಮನೆ ಸಂಪ್ರದಾಯ ಯಾವುದು ಅಂತ ಬರೆದಿಲ್ಲ. ವೈಕುಂಠ ಸಮಾರಾಧನೆ ಅಂತ ಶಂಕರರ ಪರಂಪರೆಯ ಸ್ಮಾರ್ತರ ಮನೇಲೂ ಹಾಕ್ತಾರೆ ವೈಷ್ಣವರ ಮನೇಲೂ ಹಾಕ್ತಾರೆ, ಅದರಿಂದ ಗೊತ್ತಾಗಲ್ಲ. ಅವಳಿಗೆ ನಾಲ್ಕೂ ಒಂದೇ, ಎಲ್ಲಾ ಒಂದೇ ಕಡೆ ಹೋಗುತ್ತೆ ಅಂತ ಹೇಳಿ ಬಾಯಿ ಮುಚ್ಚಿಸಬೇಡಿ, ಶಂಕರರು ರಾಮಾನುಜರು ಮಧ್ವರು ಯಾರೂ ಹಾಗೆ ಹೇಳಲ್ಲ, ಹಾಗಿದ್ದಿದ್ರೆ ಅವರು ಅಷ್ಟು ಭಾಷ್ಯ ಬರೀತಿರಲಿಲ್ಲ. ಪಿತೃಲೋಕ, ಸ್ವರ್ಗ, ಮರುಜನ್ಮ ಒಂದು ಸುತ್ತು, ಪುಣ್ಯ ಪಾಪದ ಮೇಲೆ ನಡೆಯುತ್ತೆ. ಆ ಸುತ್ತಿನಿಂದ ಆಚೆ ಬರೋದು ಮೋಕ್ಷ, ಅದು ಹೇಗಿರುತ್ತೆ ಅನ್ನೋದರಲ್ಲಿ ನಮ್ಮವರಲ್ಲೇ ಪ್ರಾಮಾಣಿಕ ಭಿನ್ನಾಭಿಪ್ರಾಯ ಇದೆ. ತಾತ ಸುತ್ತಿನೊಳಗಿದ್ದಾರಾ ಆಚೆ ಹೋದ್ರಾ ಅಂತ ನಾವ್ಯಾರೂ ಇಲ್ಲಿ ಕೂತು ಹೇಳೋಕಾಗಲ್ಲ, ಅದಕ್ಕೇ ಶ್ರಾದ್ಧಾನೂ ಮಾಡ್ತೀವಿ, ವೈಕುಂಠ ಸಿಗಲಿ ಅಂತ ಪ್ರಾರ್ಥನೆನೂ ಮಾಡ್ತೀವಿ. ಇಷ್ಟು ಹೇಳಿದ್ರೆ ಪಿಯುಸಿ ಹುಡುಗಿಗೆ ಖಂಡಿತ ಅರ್ಥ ಆಗುತ್ತೆ, ಅವಳು ಮುಂದಿನ ಪ್ರಶ್ನೆ ಕೇಳ್ತಾಳೆ, ಕೇಳಲಿ.

ಓದೋಕೆ ಶುರು ಮಾಡೋದಾದ್ರೆ ಕಠೋಪನಿಷತ್ತಿಂದ ಶುರು ಮಾಡಿ, ಚಿಕ್ಕದು, ಕನ್ನಡ ಅನುವಾದ ಸುಲಭವಾಗಿ ಸಿಗುತ್ತೆ, ಇಬ್ಬರೂ ಒಟ್ಟಿಗೆ ಓದಿ. ನಚಿಕೇತನೂ ಇನ್ನೂ ಹುಡುಗ, ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಊಟ ಇಲ್ಲದೆ ಕಾದು ಮೂರನೇ ವರದಲ್ಲಿ ಇದನ್ನೇ ಕೇಳ್ತಾನೆ, ಸತ್ತ ಮೇಲೆ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ನಿಜ ಯಾವುದು? ಯಮ ಆನೆ, ಕುದುರೆ, ಬಂಗಾರ, ನೂರು ವರ್ಷ ಬಾಳೋ ಮಕ್ಕಳು ಮೊಮ್ಮಕ್ಕಳು ಎಲ್ಲಾ ಕೊಡ್ತೀನಿ ಇದೊಂದು ಬಿಡು ಅಂತಾನೆ, ಹುಡುಗ ಬಗ್ಗಲ್ಲ. ಮೊದಲ ವಲ್ಲಿ, ಅಂದ್ರೆ ಅಧ್ಯಾಯದ ಭಾಗ, ಕಥೆ ಥರ ಓಡುತ್ತೆ, ಎರಡನೇ ವಲ್ಲೀಲಿ ಶ್ರೇಯಸ್ಸು (ಒಳ್ಳೇದು) ಪ್ರೇಯಸ್ಸಿನ (ಇಷ್ಟವಾದದ್ದರ) ಭಾಗಕ್ಕೆ ಬಂದಾಗ ನಿಧಾನ ಮಾಡಿ, ಅದಾದ ಮೇಲೆ ಗೀತೆಯ ಎರಡನೇ ಅಧ್ಯಾಯ ಓದಿದ್ರೆ ಕಠದ ಎಷ್ಟೋ ಸಾಲುಗಳು ಅಲ್ಲಿ ಮತ್ತೆ ಸಿಗ್ತಾವೆ, ಅದನ್ನ ಅವಳೇ ಹುಡುಕಲಿ. ಆಚಾರ್ಯರ ಭಾಷ್ಯಗಳು ಈಗಲೇ ಬೇಡ, ನಾನು ಮೇಲೆ ಬರೆದಷ್ಟು ಸದ್ಯಕ್ಕೆ ಸಾಕು.